ಸೂಪರ್ ಫಾಸ್ಫೇಟ್

ಶಿಲಾರಂಜಕವನ್ನು ಗಂಧಕಾಮ್ಲದೊಂದಿಗೆ ಬೆರೆಸಿ ತಯಾರಿಸುವ, ನೀರಿನಲ್ಲಿ ಕರಗುವ ರಂಜಕಯುಕ್ತ ಗೊಬ್ಬರ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಇದು ಇಂದಿನ ರಾಸಾಯನಿಕ ಗೊಬ್ಬರ ಉದ್ಯಮಕ್ಕೆ ತಳಹದಿ ಹಾಕಿತು. ಕಲ್ಲಿನಲ್ಲಿ ಸೆರೆಯಾಗಿರುವ ರಂಜಕ ಬೇರಿಗೆ ಎಟುಕುವಂತೆ ಮಾಡುವುದೇ ಇದರ ಉದ್ದೇಶ.

ಇತಿಹಾಸ: ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ 1669ರಲ್ಲಿ ಮೂತ್ರದಿಂದ ರಂಜಕವನ್ನು ಬೇರ್ಪಡಿಸಿದ. ಸುಮಾರು ನೂರು ವರ್ಷಗಳ ಬಳಿಕ ಸ್ವೀಡನ್ನಿನ ಗಾನ್ ಮತ್ತು ಷೀಲೆ ಮೂಳೆಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಇದೆಯೆಂದು ತೋರಿಸಿದರು. 19ನೆಯ ಶತಮಾನದ ಆರಂಭದ ಹೊತ್ತಿಗೆ ಬ್ರಿಟನ್ನಿನ ರೈತರು ಮೂಳೆಪುಡಿಯನ್ನು ಹೊಲಕ್ಕೆ ಹಾಕುತ್ತಿದ್ದರು. ಕೆಲವು ಹೊಲಗಳಲ್ಲಿ ಬೆಳೆ ಹುಲುಸಾಗುತ್ತಿತ್ತು. ಇನ್ನು ಕೆಲವುಗಳಲ್ಲಿ ಏನೂ ಫಲ ಕಾಣುತ್ತಿರಲಿಲ್ಲ. ಹರ್ಟ್‌ಫರ್ಡ್‌ಷೈರಿನ ರೋಥಾಮ್‌ಸ್ಟೆಡ್ ಎಸ್ಟೇಟಿನ ಒಡೆಯ ಜಾನ್ ಬೆನೆಟ್ ಲಾಸ್‌ನ ಜಮೀನು ಈ ಎರಡನೆಯ ಬಗೆಯದು. ಮೂಳೆಯನ್ನು ಗಂಧಕಾಮ್ಲದಿಂದ ಸಂಸ್ಕರಿಸಬೇಕೆಂದು ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ 1840ರಲ್ಲಿ ಬರೆದಿದ್ದ. ಲಾಸ್ 1842ರಲ್ಲಿ ಈ ಗೊಬ್ಬರದ ತಯಾರಿಕೆಗೆ ಪೇಟೆಂಟ್ ಪಡೆದು, ಮರುವರ್ಷ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಕಾರ್ಖಾನೆ ತೆರೆದ. ಅದೇ 1842ರಲ್ಲಿ ಐರ್ಲೆಂಡಿನ ವೈದ್ಯ ಜೇಮ್ಸ್ ಮರ್ರೆಗೂ ಇಂಥದೇ ಪೇಟೆಂಟ್ ದೊರೆತಿತ್ತು. ಲಾಸ್ ಮುಂದೆ ಅದನ್ನೂ ಕೊಂಡುಕೊಂಡ.

ಲೀಬಿಗ್‌ನ ಶಿಷ್ಯ ಜೋಸೆಫ್ ಹೆನ್ರಿ ಗಿಲ್ಬರ್ಟ್‌ನೊಡನೆ ಲಾಸ್ 1843ರಲ್ಲಿ ರೋಥಾಮ್‌ಸ್ಟೆಡ್‌ನಲ್ಲಿ ಆರಂಭಿಸಿದ ಬ್ರಾಡ್‌ಬಾಕ್ ಗೋಧಿ ಪ್ರಯೋಗ ಇಂದಿಗೂ ನಡೆಯುತ್ತಿದೆ. ಯಾವ ಗೊಬ್ಬರ ನೆಲದಲ್ಲಿ ಏನು ಮಾಡುತ್ತದೆಂಬುದನ್ನು ತಲೆಮಾರುಗಳ ಕಾಲ ಕಾದು ನೋಡಿದ ಇಂಥ ಕೆಲಸ ಕೃಷಿ ವಿಜ್ಞಾನದಲ್ಲಿ ಬಹಳ ಅಪರೂಪ.

ಬೇಡಿಕೆ ಬೆಳೆದಂತೆ ಮೂಳೆ ಸಾಲದಾಯಿತು. ಕೇಂಬ್ರಿಜ್‌ಷೈರ್ ಮತ್ತು ಸಫಕ್‌ಗಳ ಪಳೆಯುಳಿಕೆ ಗಂಟುಗಳು, 1860ರ ದಶಕದಿಂದ ಅಮೆರಿಕದ ದಕ್ಷಿಣ ಕೆರೊಲಿನದ ನಿಕ್ಷೇಪಗಳು, ಅನಂತರ ಫ್ಲಾರಿಡ, 20ನೆಯ ಶತಮಾನದಲ್ಲಿ ಮೊರಾಕೊ ಮತ್ತು ಪೆಸಿಫಿಕ್ ಸಾಗರದ ನೌರು ದ್ವೀಪ ಕಚ್ಚಾವಸ್ತು ಒದಗಿಸಿದವು. ಗಣಿಗಾರಿಕೆಯಿಂದ ನೌರುವಿನ ಒಳನಾಡಿನ ಬಹುಭಾಗ ಬರಡಾಯಿತು. ಭಾರತದಲ್ಲಿ ಸೂಪರ್ ಫಾಸ್ಫೇಟ್ ತಯಾರಿಕೆ 1906ರಲ್ಲಿ ಅಂದಿನ ಮದ್ರಾಸ್ ಪ್ರಾಂತದ ರಾಣಿಪೇಟೆಯಲ್ಲಿ ಆರಂಭವಾಯಿತು.

ರಸಾಯನ: ಶಿಲಾರಂಜಕದ ಮುಖ್ಯ ಖನಿಜವಾದ ಫ್ಲೂರಪಟೈಟ್ ನೀರಿನಲ್ಲಿ ಕರಗುವುದಿಲ್ಲವೆನ್ನಬಹುದು. ಅದರ ಪುಡಿಗೆ ಗಂಧಕಾಮ್ಲ ಸೇರಿಸಿದಾಗ ಕರಗುವ ಮಾನೋಕ್ಯಾಲ್ಸಿಯಂ ಫಾಸ್ಫೇಟ್ ಮತ್ತು ಜಿಪ್ಸಂ ಉಂಟಾಗುತ್ತವೆ. ಫ್ಲೂರಿನ್‌ಯುಕ್ತ ವಿಷಾನಿಲಗಳೂ ಹೊಮ್ಮುವುದರಿಂದ ಅವನ್ನು ಹಿಡಿದಿಡಬೇಕು. ಕ್ರಿಯೆ ಪೂರ್ಣಗೊಳ್ಳಲು ಮಿಶ್ರಣವನ್ನು ಕೆಲವು ವಾರ ರಾಶಿ ಹಾಕಿಡುತ್ತಾರೆ. ಭಾರತದಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ಶೇ. 16ರಷ್ಟು ರಂಜಕದ ಪೆಂಟಾಕ್ಸೈಡ್ ಇರುತ್ತದೆ. ಶುದ್ಧ ಧಾತುವಿನ ಲೆಕ್ಕದಲ್ಲಿ ಇದು ಸುಮಾರು ಶೇ. 7 ಮಾತ್ರ. ಜೊತೆಗೆ ಸಿಗುವ ಸುಣ್ಣ, ಗಂಧಕಗಳಿಂದಾಗಿ ಶೇಂಗಾ ಮುಂತಾದ ಎಣ್ಣೆಕಾಳು ಬೆಳೆಗಳಿಗೆ ಇದು ಹೆಚ್ಚು ಒಪ್ಪುತ್ತದೆ. ಗಂಧಕಾಮ್ಲದ ಬದಲು ಫಾಸ್ಫಾರಿಕ್ ಆಮ್ಲ ಬಳಸಿದರೆ ಜಿಪ್ಸಂ ಇಲ್ಲದ, ಶೇ. 46ರಷ್ಟು ಪೆಂಟಾಕ್ಸೈಡ್ ಉಳ್ಳ ಟ್ರಿಪಲ್ ಸೂಪರ್ ಫಾಸ್ಫೇಟ್ ದೊರೆಯುತ್ತದೆ. ಅದೇ ಆಮ್ಲಕ್ಕೆ ಅಮೋನಿಯ ಸೇರಿಸಿ ಪಡೆಯುವ ಡಿಎಪಿಯಲ್ಲಿ ಶೇ. 18 ಸಾರಜನಕವೂ ಇರುತ್ತದೆ.

ಸಸ್ಯಪೋಷಣೆ: ಜೀವಕೋಶದಲ್ಲಿ ಶಕ್ತಿಯನ್ನು ಸಾಗಿಸುವ ಎಟಿಪಿ, ಆನುವಂಶಿಕತೆಯ ಡಿಎನ್‌ಎ, ಕೋಶಪೊರೆಯ ಫಾಸ್ಫೊಲಿಪಿಡ್‌ಗಳು, ಇವೆಲ್ಲಕ್ಕೂ ರಂಜಕ ಬೇಕು. ಕೊರತೆಯಾದರೆ ಬೇರು, ತೆಂಡೆ ಕುಂಠಿತವಾಗಿ ಬೆಳೆ ಗಿಡ್ಡಾಗುತ್ತದೆ, ಮಾಗುವುದು ತಡವಾಗುತ್ತದೆ. ಇರುವ ರಂಜಕವನ್ನು ಗಿಡ ಎಳೆಯ ಭಾಗಗಳಿಗೆ ಸಾಗಿಸುವುದರಿಂದ ಲಕ್ಷಣ ಮೊದಲು ಕೆಳಗಿನ ಹಳೆಯ ಎಲೆಗಳಲ್ಲಿ ಕಾಣುತ್ತದೆ. ಮುಸುಕಿನ ಜೋಳದಲ್ಲಿ ಅವು ನೇರಳೆಗೆ ತಿರುಗುತ್ತವೆ.

ಆದರೆ ಕಾರ್ಖಾನೆಯಲ್ಲಿ ಬಿಡಿಸಿದ ರಂಜಕವನ್ನು ಮಣ್ಣು ಮತ್ತೆ ಕಟ್ಟಿಹಾಕುತ್ತದೆ. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ, ಸುಣ್ಣದಂಶದ ಮಣ್ಣಿನಲ್ಲಿ ಕ್ಯಾಲ್ಸಿಯಂ ಅದನ್ನು ಹಿಡಿದಿಡುತ್ತವೆ. ಕರ್ನಾಟಕದಲ್ಲಿ ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಮಣ್ಣು ಮೊದಲನೆಯದಕ್ಕೂ ಬಯಲುಸೀಮೆಯ ಸುಣ್ಣಯುಕ್ತ ಎರೆಮಣ್ಣು ಎರಡನೆಯದಕ್ಕೂ ಉದಾಹರಣೆ. ರಸಸಾರ 6ರಿಂದ 7ರ ನಡುವೆ ಇದ್ದಾಗ ರಂಜಕ ಬೇರಿಗೆ ಹೆಚ್ಚು ದೊರೆಯುತ್ತದೆ. ಅದು ಮಣ್ಣಿನಲ್ಲಿ ಕೆಲವೇ ಮಿಲಿಮೀಟರ್ ಚಲಿಸುವುದರಿಂದ, ಮೇಲೆ ಎರಚುವುದಕ್ಕಿಂತ ಬಿತ್ತನೆಯ ಹೊತ್ತಿಗೇ ಬೀಜದ ಸಾಲಿನ ಪಕ್ಕದಲ್ಲಿ ತಳಗೊಬ್ಬರವಾಗಿ ಕೊಡುವುದು ಲೇಸು. ಬಹುಪಾಲು ಸಸ್ಯಗಳ ಬೇರಿನೊಡನೆ ಕೂಡಿಬಾಳುವ ಮೈಕೊರೈಜ ಶಿಲೀಂಧ್ರಗಳು ದೂರದ ರಂಜಕವನ್ನು ತಂದುಕೊಡುತ್ತವೆ. ಹುಳಿ ಮಣ್ಣಿನ ಕಾಫಿ ತೋಟಗಳಲ್ಲಿ ಶಿಲಾರಂಜಕದ ಪುಡಿಯನ್ನು ನೇರವಾಗಿಯೇ ಹಾಕುತ್ತಾರೆ. ಅಲ್ಲಿ ಆಮ್ಲದ ಕೆಲಸವನ್ನು ನೆಲವೇ ನಿಧಾನವಾಗಿ ಮಾಡುತ್ತದೆ.

ಮುಂದಿನ ಪ್ರಶ್ನೆಗಳು: ಸಾರಜನಕವನ್ನು ಗಾಳಿಯಿಂದ ಹಿಡಿಯಬಹುದು, ರಂಜಕಕ್ಕೆ ಅಂಥ ಭಂಡಾರವಿಲ್ಲ. ತಿಳಿದಿರುವ ಶಿಲಾರಂಜಕ ನಿಕ್ಷೇಪದ ಸುಮಾರು ಮೂರನೇ ಎರಡರಷ್ಟು ಮೊರಾಕೊ ಮತ್ತು ಪಶ್ಚಿಮ ಸಹಾರದಲ್ಲಿದೆ. ರಾಜಸ್ಥಾನದ ಝಾಮರ್‌ಕೋಟ್ರದಲ್ಲಿ ಗಣಿ ಇದ್ದರೂ ಭಾರತ ಹೆಚ್ಚಿನ ಪಾಲನ್ನು ಆಮದು ಮಾಡಿಕೊಳ್ಳುತ್ತದೆ. ಇತ್ತ ಮಿತಿಮೀರಿ ಹಾಕಿದ್ದು ಮಣ್ಣಿನೊಡನೆ ಕೊಚ್ಚಿಹೋಗಿ ಕೆರೆಗಳಲ್ಲಿ ಪಾಚಿ ಬೆಳೆಸುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಕೊಡುವುದು, ಕೊಟ್ಟಿಗೆ ಗೊಬ್ಬರ ಮತ್ತು ಶುದ್ಧೀಕರಿಸಿದ ಚರಂಡಿ ತ್ಯಾಜ್ಯದ ರಂಜಕವನ್ನು ಹೊಲಕ್ಕೆ ಮರಳಿಸುವುದು ಇಂದಿನ ತುರ್ತು ಅಗತ್ಯ.