ಸಂಚಾರಿ ಗೃಹದ ಒಳದೀಪ

ಗಾಲಿಗಳ ಮೇಲೆ ಗೃಹವನ್ನು ಕಟ್ಟಿಕೊಂಡು ದೇಶ ಸುತ್ತುವ ಅಭಿಲಾಷೆ ಮೈಸೂರಿಗೆ ನೂತನವಾದುದಲ್ಲ. ಇಲ್ಲಿನ ರೈಲು ವಸ್ತುಸಂಗ್ರಹಾಲಯದಲ್ಲಿ, ಪಾಕಶಾಲೆ ಭೋಜನ ವಿಭಾಗಗಳ ಸಮೇತ ಜೋಪಾನವಾಗಿ ಉಳಿದಿರುವ 1899ರ ಮಹಾರಾಣಿಯವರ ಸಲೂನನ್ನು ಕಂಡವರಿಗೆ, ಇಂದು ಕುವೆಂಪುನಗರದ ಪಂಚಮಂತ್ರ ರಸ್ತೆ, ಅನಿಕೇತನ ರಸ್ತೆಗಳ ಆಸುಪಾಸಿನಲ್ಲಿ ಅಪರೂಪಕ್ಕೊಂದರಂತೆ ಕಾಣಿಸತೊಡಗಿರುವ ಕ್ಯಾರವಾನುಗಳು ಅದರದೇ ವಂಶದ ಕಿರಿಯ ಕುಡಿಗಳೆಂದು ತೋರಿದರೆ ಆಶ್ಚರ್ಯವಿಲ್ಲ. ಕೊಡಗಿಗೋ ವಯನಾಡಿಗೋ ಹೊರಡುವ ಮುನ್ನ ಈ ವಾಹನಗಳ ಯಜಮಾನರು ಎಂಜಿನ್ನನ್ನೂ ಟೈರುಗಳನ್ನೂ ಪರೀಕ್ಷಿಸುವಷ್ಟು ಶ್ರದ್ಧೆಯಿಂದ ತಲೆಯ ಮೇಲಿನ ಪುಟ್ಟ ಬಲ್ಬನ್ನು ಪರೀಕ್ಷಿಸುವುದಿಲ್ಲ. ಆದರೆ ಪ್ಲೈವುಡ್ಡು, ಫೋಮು, ಪರದೆಗಳಿಂದ ನಿಬಿಡವಾದ ಆ ಇಕ್ಕಟ್ಟಿನಲ್ಲಿ, ಜನ ನಿದ್ರಿಸುವಾಗಲೂ ಅವರ ಮುಖದಿಂದ ಒಂದೆರಡು ಅಡಿಯ ಅಂತರದಲ್ಲಿರುವ ಉಷ್ಣದ ಮೂಲವೆಂದರೆ ಅದೇ. ಬೆಳಕನ್ನು ತಾಪದಿಂದ ಬೇರ್ಪಡಿಸುವ ಒಂದು ದೀರ್ಘ ಪ್ರಯತ್ನವೇ ಈ ದೀಪದ ಇತಿಹಾಸ.

ಆದಿಯಲ್ಲಿ ಸಂಚಾರದ ದೀಪವೆಂದರೆ ಜ್ವಾಲೆಯೇ ಆಗಿದ್ದಿತು. ಎತ್ತಿನ ಗಾಡಿಯ ಅಡಿಯಲ್ಲಿ ತೂಗಾಡುತ್ತಿದ್ದ ಲಾಟೀನು ಹೊರಗಿನದಾದ್ದರಿಂದ ಒಳಗಿನ ಹುಲ್ಲಿಗೂ ಕಂಬಳಿಗೂ ಅದರ ಭಯ ಅಷ್ಟಾಗಿ ಇರಲಿಲ್ಲ. ದೀಪ ಒಳಕ್ಕೆ ಬಂದ ಮೇಲೆಯೇ ಸಂಕಟ ಮೊದಲಾದುದು. ಯೂರೋಪಿನ ರೈಲುಗಳಲ್ಲಿ ಎಣ್ಣೆದೀಪದ ಸ್ಥಾನವನ್ನು ಜರ್ಮನಿಯ ಯೂಲಿಯುಸ್ ಪಿಂಚ್ ರೂಪಿಸಿದ ಅನಿಲದೀಪ ಆಕ್ರಮಿಸಿತು. ಒತ್ತಡದಲ್ಲಿ ತುಂಬಿದ ಅನಿಲದ ತೊಟ್ಟಿಗಳನ್ನು ಬೋಗಿಯ ಅಡಿಯಲ್ಲಿಯೇ ಹೊತ್ತು ಸಾಗಬೇಕಾದ ಈ ವ್ಯವಸ್ಥೆ ಎಷ್ಟು ಘೋರವಾಗಬಲ್ಲುದೆಂಬುದು 1915ರ ಮೇ 22ರಂದು ಸ್ಕಾಟ್ಲೆಂಡಿನ ಕ್ವಿಂಟಿನ್ಸ್‌ಹಿಲ್ಲಿನಲ್ಲಿ ಲೋಕಕ್ಕೆ ವಿದಿತವಾಯಿತು. ಸೈನಿಕರಿಂದ ಕಿಕ್ಕಿರಿದ ರೈಲೊಂದು ಅಪಘಾತಕ್ಕೆ ಸಿಲುಕಿ, ಮರದ ಬೋಗಿಗಳಿಗೆ ಹತ್ತಿದ ಬೆಂಕಿಯನ್ನು ದೀಪದ ಅನಿಲವೇ ಪೋಷಿಸಿದುದರಿಂದ, ಇನ್ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಪ್ರಯಾಣಿಕರು ಓದಿಕೊಳ್ಳಲೆಂದು ಒದಗಿಸಿದ ಬೆಳಕು ಅವರ ಚಿತೆಗೆ ಇಂಧನವಾಯಿತೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ಮರುಗುತ್ತದೆ.

ವಿದ್ಯುತ್ತಿನ ಆಗಮನವನ್ನು ನಮ್ಮ ನಾಡು ಬೇಗನೆ ಕಂಡಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಶಕ್ತಿ 1905ರಲ್ಲಿ ಬೆಂಗಳೂರನ್ನೂ 1908ರಲ್ಲಿ ಮೈಸೂರನ್ನೂ ಬೆಳಗಿತು. 1936ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಲ್ಯಾಂಪ್ ವರ್ಕ್ಸ್ ಸ್ಥಾಪಿತವಾಗಿ ಬಲ್ಬುಗಳು ಇಲ್ಲಿಯೇ ತಯಾರಾಗತೊಡಗಿದುವು. ಮೋಟಾರು ವಾಹನಗಳಲ್ಲಿ, ನೀರಿನ ಹನಿ ಬಿದ್ದು ಕಾರ್ಬೈಡಿನಿಂದ ಹೊಮ್ಮುವ ಅಸಿಟಿಲೀನ್ ಉರಿಯುತ್ತಿದ್ದ ದೀಪಗಳ ಯುಗಕ್ಕೆ ಅಂತ್ಯ ಹಾಡತೊಡಗಿದುದು ಚಾರ್ಲ್ಸ್ ಕೆಟರಿಂಗನ ವಿದ್ಯುತ್ ವ್ಯವಸ್ಥೆ. ಅದು 1912ರ ಕ್ಯಾಡಿಲಾಕ್ ಕಾರಿನಲ್ಲಿ ಸ್ಟಾರ್ಟರಿಗೂ ದೀಪಕ್ಕೂ ಏಕಕಾಲಕ್ಕೆ ಒದಗಿತು. ಜ್ವಾಲೆ ಗಾಜಿನ ಬುರುಡೆಯೊಳಕ್ಕೆ ಸೇರಿತು. ಆದರೂ ತಂತುವಿನ ಬಲ್ಬು ತಾನು ಕುಡಿದ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಬೆಳಕಾಗಿಸದೆ ತಾಪವನ್ನಾಗಿಯೇ ಚೆಲ್ಲುತ್ತಿದ್ದಿತು.

ಇಲ್ಲಿ ಬಹುಜನ ಗ್ರಹಿಸದ ಒಂದು ಸೂಕ್ಷ್ಮವಿದೆ. ಮನೆಯ 230 ವೋಲ್ಟಿನ ಮುಂದೆ ವಾಹನದ 12 ವೋಲ್ಟು ನಿರುಪದ್ರವಿಯೆಂಬುದು ವಾಡಿಕೆಯ ಮಾತು. ಮುಟ್ಟಿದರೆ ಶಾಕ್ ಹೊಡೆಯದೆಂಬಷ್ಟರ ಮಟ್ಟಿಗೆ ಅದು ನಿಜ. ಆದರೆ ಅಷ್ಟೇ ವ್ಯಾಟಿನ ದೀಪವನ್ನು 12 ವೋಲ್ಟಿನಲ್ಲಿ ಉರಿಸಬೇಕಾದರೆ ತಂತಿಯಲ್ಲಿ ಹತ್ತೊಂಬತ್ತು ಪಟ್ಟು ಕರೆಂಟು ಹರಿಯಬೇಕು. ತಂತಿಯ ತಾಪವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಜೌಲ್ 1840ರ ಸುಮಾರಿಗೇ ತೋರಿಸಿಕೊಟ್ಟಿರುವುದರಿಂದ, ಅದೇ ಸಣ್ಣ ತಂತಿಯಲ್ಲಿ ಹುಟ್ಟುವ ಉಷ್ಣ ಮುನ್ನೂರ ಅರವತ್ತು ಪಟ್ಟನ್ನೂ ಮೀರುತ್ತದೆ. ಮನೆಯ ವೈರಿಂಗಿನಲ್ಲಿ ಉಳಿದ ತುಂಡನ್ನು ವ್ಯಾನಿನ ಒಳಗೋಡೆಯ ಹಿಂದೆ ಎಳೆದು ಮುಚ್ಚುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

1959ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪೇಟೆಂಟಿನೊಂದಿಗೆ ಕಾಣಿಸಿಕೊಂಡ ಹ್ಯಾಲೊಜನ್ ದೀಪ ಮುಂದೆ ಕ್ಯಾರವಾನುಗಳ ಅಚ್ಚುಮೆಚ್ಚಿನದಾಯಿತು. ಹೆಬ್ಬೆರಳಿಗಿಂತ ಚಿಕ್ಕದಾದ 20 ವ್ಯಾಟಿನ ಆ ಬಲ್ಬಿನ ಕಾಂತಿ ನಿಜವಾಗಿಯೂ ಮನೋಹರವಾದುದು. ಆದರೆ ಆವಿಯಾದ ತಂತುವನ್ನು ಮರಳಿ ತಂತುವಿಗೇ ಸೇರಿಸುವ, ಅದರೊಳಗಿನ ಹ್ಯಾಲೊಜನ್ ಚಕ್ರ ನಡೆಯಬೇಕಾದರೆ ಗಾಜಿನ ಗೋಡೆ 250 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರಲೇಬೇಕು. ಎಂದರೆ, ಅತಿ ತಾಪ ಅದರಲ್ಲಿ ನುಸುಳಿದ ದೋಷವಲ್ಲ, ಅದರ ಧರ್ಮವೇ ಸರಿ. ಹಾಸಿಗೆಯ ಮೇಲಿನ ಕಪಾಟಿನ ಅಡಿಗೆ ಇಂಥ ಆರು ದೀಪಗಳನ್ನು ಹುದುಗಿಸಿ, ಎದುರಿಗೆ ಹೊದಿಕೆಗಳನ್ನು ಒಟ್ಟಿ ನಿದ್ರಿಸುವುದೆಂದರೆ ನನಗೆ ನಡುಕ ಬರುತ್ತದೆ. ಹಳೆಯ ಕ್ಯಾರವಾನನ್ನು ಕೊಂಡವರು ಮೊದಲು ತೆಗೆದುಹಾಕಬೇಕಾದುದು ಇದನ್ನೇ.

ಟ್ಯೂಬ್‌ಲೈಟಿನ ಪರ್ವ ಇಲ್ಲಿ ಸ್ವಲ್ಪ ಕಾಲದ್ದು. ಬಸ್ಸುಗಳ ಮಾಡಿನಲ್ಲಿ ಇನ್ವರ್ಟರಿನ ಸಣ್ಣ ಗುಂಯಿಗುಟ್ಟುವಿಕೆಯೊಡನೆ ಉರಿಯುತ್ತಿದ್ದ ಅದು ತಂಪಾದುದು, ನಿಜ. ಆದರೆ ಕುಲುಕಾಟದಲ್ಲಿ ಒಡೆದರೆ ಮುಚ್ಚಿದ ಕೋಣೆಗೆ ಪಾದರಸ ಚೆಲ್ಲುವಂಥದು. ಪಾದರಸವನ್ನು ಕುರಿತ 2013ರ ಮಿನಾಮಾತಾ ಒಪ್ಪಂದದ ಫಲವಾಗಿ ಆ ಜಾತಿಯ ದೀಪಗಳೇ ಈಗ ಜಗತ್ತಿನಿಂದ ನಿರ್ಗಮಿಸುತ್ತಿವೆ.

ನಿಕ್ ಹೊಲೊನ್ಯಾಕ್ 1962ರಲ್ಲಿ ತೋರಿಸಿದ ಕೆಂಪು ಎಲ್‌ಇಡಿ ಮೂರು ದಶಕಗಳ ಕಾಲ ಸೂಚಕದೀಪವಾಗಿಯೇ ಉಳಿದಿದ್ದಿತು. ಅಕಾಸಾಕಿ, ಅಮಾನೋ, ನಕಾಮುರಾ ಎಂಬ ಮೂವರ ತಪಸ್ಸಿನಿಂದ ಪ್ರಕಾಶಮಾನವಾದ ನೀಲಿ ಎಲ್‌ಇಡಿ ಸಿದ್ಧಿಸಿದ ಮೇಲೆಯೇ, ಅದಕ್ಕೆ ಹಳದಿ ಫಾಸ್ಫರನ್ನು ಲೇಪಿಸಿ ಬಿಳಿಯ ಬೆಳಕನ್ನು ಪಡೆಯುವುದು ಸಾಧ್ಯವಾದುದು. 2014ರಲ್ಲಿ ಅವರಿಗೆ ನೊಬೆಲ್ ಸಂದಿತು. 2015ರಲ್ಲಿ ಕೇಂದ್ರದ ಉಜಾಲಾ, ರಾಜ್ಯದ ಹೊಸ ಬೆಳಕು ಯೋಜನೆಗಳ ಮೂಲಕ ಈ ಬಲ್ಬುಗಳು ಮನೆಮನೆಗೂ ಬಂದುವು. ವಾಹನದಲ್ಲಿ ಇದರ ಉಪಕಾರ ಇನ್ನೂ ಹಿರಿದು: ಆರು ಹ್ಯಾಲೊಜನ್ ದೀಪಗಳು 10 ಆಂಪಿಯರ್ ಎಳೆಯುತ್ತಿದ್ದಲ್ಲಿ, 3 ವ್ಯಾಟಿನ ಆರು ಎಲ್‌ಇಡಿಗಳಿಗೆ ಒಂದೂವರೆ ಆಂಪಿಯರ್ ಸಾಕು.

ಇಷ್ಟಾದ ಮೇಲೆ ಅಪಾಯ ಅಳಿಯಿತೆಂದು ಭಾವಿಸಿದರೆ ತಪ್ಪಾದೀತು. ಅದು ಬಲ್ಬನ್ನು ಬಿಟ್ಟು, ಬಲ್ಬಿಗೆ ಕರೆಂಟನ್ನು ಹದಗೊಳಿಸಿ ಕೊಡುವ ಡ್ರೈವರೆಂಬ ಸರ್ಕ್ಯೂಟಿಗೂ ತಂತಿಗೂ ಸ್ಥಳಾಂತರಗೊಂಡಿದೆ. 12 ವೋಲ್ಟಿನ ಬ್ಯಾಟರಿ ಎಂಜಿನ್ ಓಡುವಾಗ 14.4 ವೋಲ್ಟಿನವರೆಗೂ ಏರುತ್ತದೆ; ದೊಡ್ಡ ಬಸ್ಸನ್ನು ಪರಿವರ್ತಿಸಿದ ಕ್ಯಾರವಾನಿನಲ್ಲಿ 24 ವೋಲ್ಟಿನ ವ್ಯವಸ್ಥೆ ಇರುವುದೇ ಹೆಚ್ಚು. ಹಬ್ಬದ ಅಲಂಕಾರಕ್ಕೆಂದು ಮಾರುವ ಅಗ್ಗದ ಎಲ್‌ಇಡಿ ಪಟ್ಟಿಗಳಲ್ಲಿ ರೆಸಿಸ್ಟರಿನ ಹೊರತು ಬೇರೆ ನಿಯಂತ್ರಣವಿಲ್ಲದಿರುವುದರಿಂದ, ಈ ಏರಿಕೆಯನ್ನು ತಾಳಲಾರದೆ ಅವು ಬಿಸಿಯಾಗಿ, ಅಂಟು ಬಿಟ್ಟು, ಜೋತುಬೀಳುತ್ತವೆ. ಆದ್ದರಿಂದ 10ರಿಂದ 30 ವೋಲ್ಟಿನವರೆಗೆ ಸಹಿಸುವುದೆಂದು ಸ್ಪಷ್ಟವಾಗಿ ನಮೂದಿಸಿರುವ, ಸ್ಥಿರಕರೆಂಟಿನ ಡ್ರೈವರುಳ್ಳ, ಬೆನ್ನಿಗೆ ಅಲ್ಯೂಮಿನಿಯಂ ತಗಡಿರುವ ದೀಪವನ್ನೇ ಆರಿಸಬೇಕು. ಇನ್ವರ್ಟರನ್ನಿಟ್ಟು ಮನೆಯ 230 ವೋಲ್ಟಿನ ಬಲ್ಬನ್ನೇ ಉರಿಸುವವರು, ನಿವಾರಿಸಿಕೊಂಡಿದ್ದ ಶಾಕಿನ ಭಯವನ್ನು ತಾವಾಗಿಯೇ ಒಳಗೆ ಕರೆದಂತಾಗುತ್ತದೆ. ಶಯನದ ಬಳಿ 2700 ಕೆಲ್ವಿನ್ನಿನ ಹಳದಿ ಛಾಯೆಯ ಬೆಳಕೇ ನಿದ್ರೆಗೆ ಅನುಕೂಲ.

ಅಡುಗೆ ಅನಿಲದ ಸಿಲಿಂಡರನ್ನು ಒಯ್ಯುವವರು ಇನ್ನೊಂದನ್ನು ಗಮನಿಸಬೇಕು: ಸೋರಿದ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದಲ್ಲಿ ಮಡುಗಟ್ಟುತ್ತದೆ; ಆದ್ದರಿಂದ ಕಿಡಿ ಹಾರಬಹುದಾದ ಕಾಲಬಳಿಯ ದೀಪಗಳ ಸ್ವಿಚ್ಚುಗಳನ್ನೂ ತಂತಿಯ ಬೆಸುಗೆಗಳನ್ನೂ ಸಿಲಿಂಡರಿನ ಗೂಡಿನಿಂದ ದೂರವಿಡುವುದು ಅವಶ್ಯ. ಮೋಟಾರು ಕ್ಯಾರವಾನುಗಳಿಗೆಂದೇ ನಮ್ಮ ದೇಶದಲ್ಲಿ ಎಐಎಸ್ 124 ಎಂಬ ಮಾನದಂಡವಿದೆಯಾದರೂ, ವಾಹನ ಕೈಸೇರಿದ ಮೇಲೆ ಮಾಲೀಕರು ತಾವೇ ಸೇರಿಸುವ ದೀಪಗಳನ್ನು ಕಾಯುವವರು ಅವರೇ. ಬ್ಯಾಟರಿಯ ಧನಧ್ರುವಕ್ಕೆ ಆದಷ್ಟು ಸಮೀಪದಲ್ಲಿ, ತಂತಿ ತಾಳಬಲ್ಲ ಕರೆಂಟಿಗಿಂತ ಕಡಿಮೆಯ ಫ್ಯೂಸೊಂದನ್ನು ಪ್ರತಿಯೊಂದು ದೀಪದ ಸಾಲಿಗೂ ಇರಿಸುವಂತೆಯೂ, ಯಾವ ತಂತಿ ಯಾವ ಹಲಗೆಯ ಹಿಂದೆ ಹಾದಿದೆಯೆಂಬ ನಕ್ಷೆಯನ್ನು ಬರೆದುಕೊಡುವಂತೆಯೂ ವಾಹನ ಕಟ್ಟುವವರನ್ನು ಕೇಳಿ, ಆ ನಕ್ಷೆಯನ್ನು ವಾಹನದ ಕಾಗದಪತ್ರಗಳೊಡನೆಯೇ ಇಟ್ಟುಕೊಳ್ಳಬೇಕು.