ಕಾಕತಾಳೀಯವೋ, ಕಾರ್ಯಕಾರಣವೋ?

ಕಾಗೆ ಬಂದು ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಶಾಸ್ತ್ರಕಾರರು ಇದನ್ನೇ ಕಾಕತಾಳೀಯ ನ್ಯಾಯವೆಂದು ಕರೆದರು. ಮಾತು ಎಲ್ಲರಿಗೂ ಗೊತ್ತು. ಬೇಕಾದ ಹೊತ್ತಿಗೆ ಮಾತ್ರ ನೆನಪಾಗುವುದಿಲ್ಲ. ನನಗೂ ನೆನಪಾಗಲಿಲ್ಲ.

ನಮ್ಮ ಬೇಡಕಿಹಾಳ ತಂಬಾಕಿನ ಸೀಮೆಯ ಊರು. ನಾನು ಹೊಸದಾಗಿ ಅಧ್ಯಾಪಕನಾಗಿದ್ದ ದಿನಗಳಲ್ಲಿ, ತಂಬಾಕಿನ ವಖಾರಿಗೆ ದುಡಿಯಹೋಗುತ್ತಿದ್ದ ನೆರೆಮನೆಯ ತಾಯಿಯೊಬ್ಬಳು ತನ್ನ ಮಗ ಓದಿನಲ್ಲಿ ಹಿಂದೆ ಬಿದ್ದುದನ್ನು ಹೇಳಿಕೊಂಡಳು. "ಕೂಸಿಗೆ ಲಗೂನ ಮೊಲಿ ಬಿಡಿಸಿದ್ರಿ ಅಕ್ಕಾ, ಅದಕ್ಕ ಹಿಂಗಾಗೇತಿ" ಎಂದುಬಿಟ್ಟೆ. ಆಕೆ ಮರುಮಾತಾಡದೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಹೆಚ್ಚು ಕಾಲ ಮೊಲೆಯುಂಡ ಮಕ್ಕಳು ಬುದ್ಧಿಶಾಲಿಗಳಾಗುತ್ತಾರೆಂಬ ಪರದೇಶದ ಸಂಶೋಧನೆಯೊಂದನ್ನು ನಾನು ಎಲ್ಲಿಯೋ ಓದಿದ್ದೆ. ಅಷ್ಟೇ ನನ್ನ ಆಧಾರ.

ಇಂಥ ಮಾತನ್ನು ಒರೆಗೆ ಹಚ್ಚುವ ಸಾಮಗ್ರಿ ನಮ್ಮ ನಾಡಿನಲ್ಲಿಯೇ ಇತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಜನರ ಬಾಯಿಯ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುತ್ತ ಬಂದಿದ್ದರು. ಮರುವರ್ಷವೇ ಅದೇ ಊರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ತೆರೆದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ಬಂದುದು. ಬಾನುಲಿಯ ಕಥೆ ಎಲ್ಲರಿಗೂ ತಿಳಿಯಿತು. ಹೆರಿಗೆಯ ದಫ್ತರಗಳು ಮಾತ್ರ ಅರ್ಧ ಶತಮಾನಕ್ಕೂ ಮಿಕ್ಕಿ ಸುಮ್ಮನೆ ಕುಳಿತಿದ್ದವು.

ಆ ದಫ್ತರಗಳಲ್ಲಿದ್ದ 517 ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಹೊರಬಂದಿತು. ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯರೋಗ ನೂರಕ್ಕೆ 11, ಮೂರು ಕಿಲೋ ಮೀರಿದವರಲ್ಲಿ 3. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು, ಹುಟ್ಟಿದ ಮಕ್ಕಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದರು. ಒಂಬತ್ತು ಹತ್ತರ ವಯಸ್ಸಿನಲ್ಲಿ ಅವರ ನೆನಪು, ತರ್ಕ, ಭಾಷೆ, ಗಮನಗಳನ್ನು ಅಳೆದರು.

ಫಲಿತಾಂಶಗಳು ಪಾಠ ಹೇಳುವಂತಿವೆ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಂಡಿದ್ದ ತಾಯಂದಿರ 32 ಮಕ್ಕಳು ಕಲಿಕೆಯಲ್ಲಿಯೂ ಭಾಷೆಯಲ್ಲಿಯೂ ಉಳಿದವರಿಗಿಂತ ಮುಂದಿದ್ದರು! ಹಾಗೆಂದು ಬಸುರಿಗೆ ಸಕ್ಕರೆ ಕಾಯಿಲೆ ಬರಲೆಂದು ಯಾರಾದರೂ ಹರಸುವುದುಂಟೆ? ತಾಯಿಯ ಓದು, ಮನೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ಹಿಡಿದರೂ ಅಂತರ ಉಳಿಯಿತು. ಆದರೆ ಅಳೆದುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಹುದು. ಅಳೆಯದೆ ಬಿಟ್ಟುದನ್ನು ಹಿಡಿಯುವುದೆಂತು? ಮೂವತ್ತೆರಡು ಮಕ್ಕಳೆಂದರೆ ಸಂಖ್ಯೆಯೂ ಚಿಕ್ಕದು.

ಮೊಲೆಹಾಲಿನ ವಿಷಯಕ್ಕೆ ಬಂದರೆ, 514 ಮಕ್ಕಳಲ್ಲಿ ಮೊಲೆಯುಂಡ ಅವಧಿಗೂ ಬುದ್ಧಿಗೂ ಸಂಬಂಧವೇ ಕಾಣಲಿಲ್ಲ. ಪಶ್ಚಿಮದಲ್ಲಿ ಹೆಚ್ಚು ಕಾಲ ಹಾಲೂಡಿಸುವವರು ಬಹುಮಟ್ಟಿಗೆ ಓದಿದ, ಅನುಕೂಲಸ್ಥ ತಾಯಂದಿರು. ಅಲ್ಲಿ ಹಾಲಿನ ಫಲವೆಂದು ಕಂಡದ್ದರಲ್ಲಿ ಪುಸ್ತಕ ತುಂಬಿದ ಮನೆಯ ಪಾಲೂ ಇರಬಹುದು. ಆದರೆ ಮೈಸೂರಿನ ಲೆಕ್ಕವೂ ಕೊನೆಯ ಮಾತಲ್ಲ. ಅಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು ಆರು ತಿಂಗಳಾದರೂ ಮೊಲೆಯುಂಡಿದ್ದರು. ಎಲ್ಲರೂ ಒಂದೇ ಬಗೆಯಾದಾಗ ಹೋಲಿಸುವುದು ಯಾರನ್ನು?

ಇದಕ್ಕೆ ಇನ್ನೊಂದು ದಾರಿಯುಂಟು. 1996–97ರಲ್ಲಿ ಬೆಲಾರೂಸ್ ದೇಶದಲ್ಲಿ 31 ಹೆರಿಗೆ ಆಸ್ಪತ್ರೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ಮಾತ್ರ ಹಾಲೂಡಿಸಲು ತಾಯಂದಿರಿಗೆ ವಿಶೇಷ ನೆರವು ಕೊಟ್ಟರು. ಚೀಟಿಗೆ ಬಡವ ಬಲ್ಲಿದರ ಭೇದವಿಲ್ಲ. ಅದರ ಬಲವಿರುವುದೇ ಅಲ್ಲಿ. ಆರೂವರೆ ವರ್ಷಕ್ಕೆ ನೆರವು ಪಡೆದ ಗುಂಪಿನ ಮಕ್ಕಳು ಬುದ್ಧಿಯ ಪರೀಕ್ಷೆಯಲ್ಲಿ ಮುಂದಿದ್ದರು. ಹದಿನಾರಕ್ಕೆ ಆ ಅಂತರ ಬಹುಮಟ್ಟಿಗೆ ಕರಗಿ, ಭಾಷಾಶಕ್ತಿಯಲ್ಲಿ ಮಾತ್ರ ಕೊಂಚ ಉಳಿದಿತ್ತು.

ವರ್ಷಾನುಗಟ್ಟಲೆ ಹಿಂಬಾಲಿಸಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗೊತ್ತಾಗುತ್ತದೆ. ಮೊದಲಿನದೇ ಆಮೇಲಿನದಕ್ಕೆ ಕಾರಣವೆಂಬುದು ಅಷ್ಟರಿಂದಲೇ ಸಿದ್ಧವಾಗುವುದಿಲ್ಲ. ಎರಡಕ್ಕೂ ಬೇರಾದ ಮೂರನೆಯದೊಂದು ಇದೆಯೇ, ನಡುವೆ ಅಧ್ಯಯನ ಬಿಟ್ಟುಹೋದವರು ಯಾರು, ಮಗುವನ್ನು ಹೋಲಿಸಿದ್ದು ಬೇರೆ ಮಕ್ಕಳೊಡನೆಯೋ ಅದರದೇ ನಿನ್ನೆಯೊಡನೆಯೋ ಎಂದು ಕೇಳಬೇಕು.

ತಾಯಿಹಾಲು ಕೂಸನ್ನು ರೋಗಗಳಿಂದ ಕಾಯುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗುಂಪಿನ ಸರಾಸರಿಯನ್ನು ಒಬ್ಬ ತಾಯಿಯ ತಲೆಗೆ ಕಟ್ಟುವ ಅಧಿಕಾರ ನನಗಿರಲಿಲ್ಲ. ತಾಯಿ ವಖಾರಿಗೆ ಹೋದ ದಿನಗಳಲ್ಲಿ ತಂಗಿಯನ್ನು ಆಡಿಸಲು ಆ ಹುಡುಗ ಶಾಲೆ ಬಿಡುತ್ತಿದ್ದನೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಅದೇ ಕಾರಣವೆಂದು ಈಗಲೂ ನಾನು ಹೇಳಲಾರೆ. ಅಂದು ಅದನ್ನು ಕೇಳಬಹುದಾಗಿತ್ತು, ಕೇಳಲಿಲ್ಲ. ಆ ತಾಯಿ ಈಗಿಲ್ಲ.