ಇತಿಹಾಸದಲ್ಲಿ ಈ ದಿನ: ಜುಲೈ 21

ಜುಲೈ 21 ಗ್ರೆಗೋರಿಯನ್ ಪಂಚಾಂಗದಲ್ಲಿ ವರ್ಷದ 202ನೆಯ ದಿನ. ಅಧಿಕ ವರ್ಷದಲ್ಲಿ 203ನೆಯ ದಿನ. ಈ ದಿನದ ನಂತರ ವರ್ಷಾಂತ್ಯಕ್ಕೆ 163 ದಿನಗಳು ಉಳಿದಿರುತ್ತವೆ. ಸಾಮಾನ್ಯವಾಗಿ ದಿನವಿಶೇಷಗಳ ಪಟ್ಟಿಗಳಲ್ಲಿ ಈ ದಿನಾಂಕದ ಎದುರು ಚಂದ್ರಯಾನದ ವಿವರವೇ ಮೊದಲು ಕಾಣಿಸುತ್ತದೆ. ಮಲಪ್ರಭಾ ಅಚ್ಚುಕಟ್ಟು ಪ್ರದೇಶದ ಗ್ರಾಮಗಳಲ್ಲಿ, ವಿಶೇಷವಾಗಿ ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಚಿಕ್ಕನರಗುಂದದಲ್ಲಿ, ಈ ದಿನಕ್ಕೆ ಬೇರೆಯೇ ಅರ್ಥವಿದೆ. ಆದಕಾರಣ ಇಲ್ಲಿ ಆ ಘಟನೆಯಿಂದಲೇ ಆರಂಭಿಸಲಾಗಿದೆ.

ನರಗುಂದ ಮತ್ತು ನವಲಗುಂದ, 1980

1980ರ ಜುಲೈ 21, ಸೋಮವಾರ. ಅಂದು ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿದ್ದ ನರಗುಂದ ಹಾಗೂ ನವಲಗುಂದ ಪಟ್ಟಣಗಳಲ್ಲಿ ರೈತರು ಬಂದ್ ಆಚರಿಸಿದರು. ನರಗುಂದದಲ್ಲಿ ನಡೆದ ಪೊಲೀಸ್ ಗೋಲಿಬಾರಿನಲ್ಲಿ ಚಿಕ್ಕನರಗುಂದ ಗ್ರಾಮದ ರೈತ ವೀರಪ್ಪ ಕಡ್ಲಿಕೊಪ್ಪ ಅವರು ಮೃತಪಟ್ಟರು. ಅದೇ ದಿನ ನವಲಗುಂದದಲ್ಲಿ ಅದೇ ತಾಲ್ಲೂಕಿನ ಅಳಗವಾಡಿಯ ಬಸಪ್ಪ ಲಕ್ಕುಂಡಿ ಅವರು ಗುಂಡಿಗೆ ಬಲಿಯಾದರು. ಕೆಲವು ಬರಹಗಳಲ್ಲಿ ವೀರಪ್ಪ ಅವರ ಹೆಸರು ಈರಪ್ಪ ಎಂದು ದಾಖಲಾಗಿದೆ. ಉತ್ತರ ಕರ್ನಾಟಕದ ಆಡುನುಡಿಯಲ್ಲಿ 'ವೀರ' ಎಂಬುದು 'ಈರ' ಎಂದಾಗುವುದು ಸಹಜವಾದ್ದರಿಂದ ಓದುಗರು ಇವರನ್ನು ಇಬ್ಬರು ವ್ಯಕ್ತಿಗಳೆಂದು ಭಾವಿಸಬಾರದು.

ಈ ಘಟನೆಯ ಕಾರಣಗಳನ್ನು ಅರಿಯಲು ಮಲಪ್ರಭಾ ಯೋಜನೆಯನ್ನು ಗಮನಿಸಬೇಕಾಗುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭಾ ನದಿಗೆ ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟು ನಿರ್ಮಿಸಲಾಯಿತು. ಜಲಾಶಯದ ಸಂಗ್ರಹ ಸಾಮರ್ಥ್ಯ 37.73 ಟಿ.ಎಂ.ಸಿ. ಅಡಿ. ಎರಡು ಲಕ್ಷ ಹೆಕ್ಟೇರಿಗೂ ಅಧಿಕ ಭೂಮಿಗೆ ನೀರುಣಿಸುವ ಉದ್ದೇಶದಿಂದ ರೂಪುಗೊಂಡ ಈ ಯೋಜನೆಯ ಕಾಲುವೆಗಳು 1970ರ ದಶಕದಲ್ಲಿ ನರಗುಂದ, ನವಲಗುಂದ, ಸವದತ್ತಿ ತಾಲ್ಲೂಕುಗಳ ಎರೆ ಭೂಮಿಯನ್ನು ತಲುಪತೊಡಗಿದವು. ಮಳೆಯನ್ನೇ ನಂಬಿ ಜೋಳ, ಗೋಧಿ, ಕಡಲೆ, ಕುಸುಬೆ ಬೆಳೆಯುತ್ತಿದ್ದ ರೈತರು ನೀರಾವರಿ ಹತ್ತಿಯತ್ತ ತಿರುಗಿದರು. ಹೈಬ್ರಿಡ್ ಬೀಜ, ಗೊಬ್ಬರ ಮತ್ತು ಔಷಧಿಗಳಿಗಾಗಿ ಸಾಲ ಮಾಡುವುದು ಅನಿವಾರ್ಯವಾಯಿತು. ಹತ್ತಿಯ ಬೆಲೆ ಕುಸಿದಾಗ ಸಾಲ ಮಾತ್ರ ಉಳಿಯಿತು.

ಇದರ ಮೇಲೆ ಬಂದದ್ದು ರೈತರ ಬಾಯಲ್ಲಿ 'ಬೆಟರ್‌ಮೆಂಟ್ ಲೆವಿ' ಎಂದೇ ಪ್ರಸಿದ್ಧವಾದ ಅಭಿವೃದ್ಧಿ ಕರ. ನೀರಾವರಿಯಿಂದ ಜಮೀನಿನ ಬೆಲೆ ಹೆಚ್ಚುತ್ತದೆ. ಆದ್ದರಿಂದ ಯೋಜನೆಯ ವೆಚ್ಚದ ಒಂದು ಪಾಲನ್ನು ಭೂಮಾಲೀಕನೇ ಭರಿಸಬೇಕು ಎಂಬುದು ಈ ಕರದ ಹಿಂದಿನ ತತ್ವ. ಕಾಗದದ ಮೇಲೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಅಚ್ಚುಕಟ್ಟಿನ ನಕ್ಷೆಯಲ್ಲಿ ಸೇರಿದ ಹೊಲಗಳಿಗೆಲ್ಲ ನೀರು ಮುಟ್ಟಿರಲಿಲ್ಲ. ಕಾಲುವೆಯ ಕೊನೆಯಂಚಿನ ಜಮೀನುಗಳು ಒಣಗಿಯೇ ಇದ್ದವು. ನೀರು ಮುಟ್ಟಿದ ಕಡೆಗಳಲ್ಲಿ ಬಸಿಗಾಲುವೆಗಳಿಲ್ಲದೆ ಎರೆ ಮಣ್ಣು ಜವುಳು ಹಿಡಿದು ಸವುಳಾಗತೊಡಗಿತ್ತು. ನೀರಿನ ಕರದ ಬಾಕಿಯೊಂದಿಗೆ ಈ ಕರವನ್ನೂ ಕಟ್ಟಬೇಕೆಂಬ ಒತ್ತಡ ಬಂದಾಗ ರೈತರು ಕೇಳಿದ ಪ್ರಶ್ನೆ ಸರಳವಾಗಿತ್ತು: ಬಾರದ ನೀರಿಗೆ ಯಾವ ಕರ?

1980ರಲ್ಲಿ ರೈತರು ಮಲಪ್ರಭಾ ನೀರಾವರಿ ಪ್ರದೇಶ ರೈತ ಸಮನ್ವಯ ಸಮಿತಿಯನ್ನು ಕಟ್ಟಿಕೊಂಡರು. ಸಭೆ, ಮನವಿ, ಧರಣಿಗಳು ನಡೆದವು. ಜುಲೈ 21ರ ಬಂದ್ ಈ ಸರಣಿಯ ಮುಂದಿನ ಹೆಜ್ಜೆಯಾಗಿತ್ತು. ಅಂದು ನರಗುಂದದಲ್ಲಿ ತಹಶೀಲ್ದಾರರ ಕಚೇರಿಯ ಎದುರು ರೈತರು ಅಡ್ಡ ಮಲಗಿ ಸತ್ಯಾಗ್ರಹ ಹೂಡಿದ್ದರು. ಶಾಂತವಾಗಿ ಆರಂಭವಾದ ಪ್ರತಿಭಟನೆ ಕೆಲವೇ ಗಂಟೆಗಳಲ್ಲಿ ಕೈಮೀರಿತು. ಗೋಲಿಬಾರಿನ ನಂತರ ಉದ್ರಿಕ್ತ ಗುಂಪಿನ ಹಲ್ಲೆಯಿಂದ ಕರ್ತವ್ಯದಲ್ಲಿದ್ದ ಪೊಲೀಸ್ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಈ ದಿನವನ್ನು ಸ್ಮರಿಸುವಾಗ ಅವರ ಸಾವನ್ನು ಬಿಟ್ಟು ಹೇಳುವ ರೂಢಿಯೂ ಇದೆ. ದಾಖಲೆ ಪೂರ್ಣವಾಗಬೇಕಾದರೆ ಎರಡೂ ಇರಬೇಕು.

ಆಗ ಶ್ರೀ ಆರ್. ಗುಂಡೂರಾವ್ ಅವರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಘಟನೆಯ ನಂತರ ಸರ್ಕಾರವು ರೈತರಿಗೆ ರಿಯಾಯಿತಿಗಳನ್ನು ಪ್ರಕಟಿಸಿತಾದರೂ ಚಳವಳಿಯು ಮಲಪ್ರಭೆಯ ದಡದಲ್ಲಿ ನಿಲ್ಲಲಿಲ್ಲ. ಶಿವಮೊಗ್ಗದ ಕಬ್ಬು ಬೆಳೆಗಾರರ ಹೋರಾಟದ ಮುಂದಾಳುಗಳಾದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಹಾಗೂ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಸೇರಿ 1980ರಲ್ಲಿಯೇ ಕರ್ನಾಟಕ ರಾಜ್ಯ ರೈತ ಸಂಘವನ್ನು ಸ್ಥಾಪಿಸಿದರು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ಪಾದಯಾತ್ರೆ ಕೈಗೊಂಡವು. 1983ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ರಚನೆಯಾದಾಗ, ಅದರ ಹಿನ್ನೆಲೆಯಲ್ಲಿ ಗೋಕಾಕ ಚಳವಳಿಯೊಂದಿಗೆ ನರಗುಂದದ ಹೆಸರೂ ಇತ್ತು.

'ನರಗುಂದ ಬಂಡಾಯ' ಎಂಬ ಮಾತು ಎರಡು ಪ್ರತ್ಯೇಕ ಘಟನೆಗಳಿಗೆ ಬಳಕೆಯಲ್ಲಿರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯದು 1858ರಲ್ಲಿ ನರಗುಂದದ ಅರಸ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರು, ಬ್ರಿಟಿಷರ ವಿರುದ್ಧ ಎದ್ದದ್ದು. ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ ನಂತರ ಕೋಟೆ ಶತ್ರುವಶವಾಗಿ, ಬಾಬಾಸಾಹೇಬರನ್ನು ಅದೇ ವರ್ಷದ ಜೂನ್ ತಿಂಗಳಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. 2020ರಲ್ಲಿ ತೆರೆಕಂಡ 'ನರಗುಂದ ಬಂಡಾಯ' ಚಲನಚಿತ್ರದ ವಸ್ತು ಎರಡನೆಯದು, ಅಂದರೆ 1980ರ ಘಟನೆ.

ನಿಧನ

2009ರ ಜುಲೈ 21ರಂದು ಹಿಂದೂಸ್ಥಾನಿ ಸಂಗೀತದ ಹಿರಿಯ ಗಾಯಕಿ ಡಾ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಲ್ಲಿ ನಿಧನರಾದರು. ಅವರಿಗೆ ಆಗ 96 ವರ್ಷ. ನರಗುಂದ ಮತ್ತು ನವಲಗುಂದಗಳ ಮೂಲಕ ಹಾದುಹೋಗುವ ಹೆದ್ದಾರಿಯೇ ಹುಬ್ಬಳ್ಳಿಗೆ ತಲುಪುತ್ತದೆ. ಹೀಗಾಗಿ ಈ ಭಾಗದ ಜನರಿಗೆ ಜುಲೈ 21 ಎರಡು ಬಗೆಯ ಅಗಲಿಕೆಯ ದಿನ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಜನಿಸಿದ ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಒಲಿದದ್ದು ಹಿಂದೂಸ್ಥಾನಿ ಪದ್ಧತಿಗೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮಹಾತ್ಮ ಗಾಂಧೀಜಿಯವರ ಎದುರು ಸ್ವಾಗತ ಗೀತೆ ಹಾಡಿದಾಗ ಅವರಿನ್ನೂ ಬಾಲಕಿ. ಕಿರಾಣಾ ಘರಾಣೆಯ ಸವಾಯಿ ಗಂಧರ್ವರ ಶಿಷ್ಯೆಯಾಗಿ ಕುಂದಗೋಳದಲ್ಲಿ ಕಲಿತರು, ಪಂ. ಭೀಮಸೇನ ಜೋಶಿಯವರೂ ಅದೇ ಗುರುವಿನ ಶಿಷ್ಯರು. ಗಂಟಲಿನ ಚಿಕಿತ್ಸೆಯ ನಂತರ ಅವರ ಧ್ವನಿ ಗಡಸಾಗಿ, ಗಂಭೀರವಾಯಿತು. ಇನ್ನೊಬ್ಬರಾದರೆ ಅಲ್ಲಿಗೆ ಹಾಡುವುದನ್ನೇ ನಿಲ್ಲಿಸಬಹುದಿತ್ತು. ಗಂಗೂಬಾಯಿಯವರು ಅದೇ ಧ್ವನಿಯನ್ನು ತಮ್ಮ ಗುರುತಾಗಿಸಿಕೊಂಡರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. ಮೈಸೂರಿನ ರಾಜ್ಯ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಡಲಾಗಿದೆ.

2001ರ ಈ ದಿನದಂದು ಚಲನಚಿತ್ರ ನಟ ಶಿವಾಜಿ ಗಣೇಶನ್ ನಿಧನರಾದರು. ಅವರಿಗೆ ಅಪಾರ ಕೀರ್ತಿ ತಂದ 'ವೀರಪಾಂಡಿಯ ಕಟ್ಟಬೊಮ್ಮನ್' ಚಿತ್ರವನ್ನು ನಿರ್ದೇಶಿಸಿದವರು ಕನ್ನಡಿಗರಿಗೆ ಚಿರಪರಿಚಿತರಾದ ಬಿ.ಆರ್. ಪಂತುಲು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1796ರಲ್ಲಿ ತೀರಿಕೊಂಡದ್ದೂ ಇದೇ ದಿನ; ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಆ ಕವಿಯ ಪರಿಚಯ ಕನ್ನಡಕ್ಕಾಯಿತು.

ಜನನ

ಗುಜರಾತಿ ಕವಿ ಉಮಾಶಂಕರ ಜೋಶಿ 1911ರಲ್ಲಿ ಜನಿಸಿದರು. 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಹಂಚಿಕೊಂಡ ಇಬ್ಬರಲ್ಲಿ ಇವರೊಬ್ಬರು, ಇನ್ನೊಬ್ಬರು ಕುವೆಂಪು. ಕನ್ನಡಕ್ಕೆ ಮೊದಲ ಜ್ಞಾನಪೀಠ ಬಂದದ್ದು ಹೀಗೆ. ಕ್ರಿಕೆಟ್ ಆಟಗಾರ ಚಂದು ಬೋರ್ಡೆ 1934ರಲ್ಲಿ ಪುಣೆಯಲ್ಲಿ ಜನಿಸಿದರು. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ 1942ರಲ್ಲಿ ಜನಿಸಿದ ಶ್ರೀ ಮಲ್ಲಿಕಾರ್ಜುನ ಖರ್ಗೆಯವರು 1972ರಲ್ಲಿ ಗುರುಮಠಕಲ್ ಕ್ಷೇತ್ರದಿಂದ ವಿಧಾನಸಭೆ ಪ್ರವೇಶಿಸಿದರು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಆಯ್ಕೆಯಾದರು.

ಇತರ ಘಟನೆಗಳು

ಅಪೊಲೊ-11 ನೌಕೆಯ ಗಗನಯಾತ್ರಿಗಳು ಚಂದ್ರನ ಮೇಲಿಳಿದ ದಿನವನ್ನು ಪಾಶ್ಚಾತ್ಯ ಪಟ್ಟಿಗಳು 1969ರ ಜುಲೈ 20 ಎಂದು ತೋರಿಸುತ್ತವೆ. ಭಾರತೀಯ ಕಾಲಮಾನದಲ್ಲಿ ಲೆಕ್ಕ ಹಾಕಿದರೆ ಅದು ಜುಲೈ 21ರ ನಸುಕಿನ 1 ಗಂಟೆ 47 ನಿಮಿಷ. ನೀಲ್ ಆರ್ಮ್‌ಸ್ಟ್ರಾಂಗ್ ನೆಲದ ಮೇಲೆ ಕಾಲಿಟ್ಟಾಗ ಇಲ್ಲಿ ಬೆಳಗಿನ 8 ಗಂಟೆ 26 ನಿಮಿಷ. ಅದೇ ರಾತ್ರಿ 11 ಗಂಟೆ 24 ನಿಮಿಷಕ್ಕೆ ಅವರು ಚಂದ್ರನಿಂದ ಮೇಲೆದ್ದರು. ಅಂದರೆ ಚಂದ್ರನ ಮೇಲೆ ಮಾನವನ ಮೊದಲ ವಾಸ್ತವ್ಯ ಪೂರ್ತಿಯಾಗಿ ನಮ್ಮ ಪಂಚಾಂಗದ ಈ ಒಂದೇ ದಿನದೊಳಗೆ ಅಡಗಿದೆ.

1960ರಲ್ಲಿ ಸಿರಿಮಾವೋ ಬಂಡಾರನಾಯಿಕೆ ಶ್ರೀಲಂಕೆಯ ಪ್ರಧಾನಿಯಾಗಿ ಅಧಿಕಾರ ವಹಿಸಿಕೊಂಡರು. ಪ್ರಧಾನಿ ಪದವಿಗೇರಿದ ಜಗತ್ತಿನ ಮೊದಲ ಮಹಿಳೆ ಇವರು. ನೀಲಂ ಸಂಜೀವ ರೆಡ್ಡಿ 1977ರಲ್ಲಿ, ಪ್ರತಿಭಾ ಪಾಟೀಲ್ 2007ರಲ್ಲಿ ಮತ್ತು ದ್ರೌಪದಿ ಮುರ್ಮು 2022ರಲ್ಲಿ ರಾಷ್ಟ್ರಪತಿಗಳಾಗಿ ಆಯ್ಕೆಯಾದರೆಂದು ಘೋಷಿಸಲಾದದ್ದು ಇದೇ ದಿನಾಂಕದಂದು.

ದಿನಾಚರಣೆ

ಬೆಲ್ಜಿಯಂ ದೇಶದ ರಾಷ್ಟ್ರೀಯ ದಿನ ಜುಲೈ 21. ಕರ್ನಾಟಕದಲ್ಲಿ ರೈತ ಸಂಘಟನೆಗಳು ಈ ದಿನವನ್ನು ರೈತ ಹುತಾತ್ಮ ದಿನವಾಗಿ ಆಚರಿಸುತ್ತವೆ. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಅವರ ವೀರಗಲ್ಲಿಗೆ ಮಾಲಾರ್ಪಣೆ ನಡೆಯುತ್ತದೆ. ಹಿಂದೆ ಊರು ಕಾಯುತ್ತಲೋ ತುರುಗಳನ್ನು ಬಿಡಿಸುತ್ತಲೋ ಮಡಿದವರಿಗೆ ಈ ನಾಡಿನಲ್ಲಿ ನೆಡುತ್ತಿದ್ದ ಕಲ್ಲಿನ ಹೆಸರನ್ನೇ ಜನರು ಇದಕ್ಕೂ ಇಟ್ಟಿದ್ದಾರೆ.

2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ದೀರ್ಘಕಾಲದ ಧರಣಿ ಆರಂಭವಾದದ್ದು ಕೂಡ ನರಗುಂದದಲ್ಲಿಯೇ. ಮಲಪ್ರಭಾ ಜಲಾಶಯ ಅನೇಕ ವರ್ಷ ತುಂಬದಿದ್ದುದರಿಂದ ಕಳಸಾ ಹಾಗೂ ಬಂಡೂರಿ ನಾಲೆಗಳ ನೀರನ್ನು ಅದಕ್ಕೆ ತಿರುಗಿಸಬೇಕೆಂಬುದು ಧರಣಿನಿರತರ ಬೇಡಿಕೆಯಾಗಿತ್ತು. ಮಹದಾಯಿ ನ್ಯಾಯಾಧಿಕರಣವು 2018ರ ಆಗಸ್ಟ್ 14ರಂದು ನೀಡಿದ ತೀರ್ಪಿನಲ್ಲಿ ಕಳಸಾದಿಂದ 1.72 ಮತ್ತು ಬಂಡೂರಿಯಿಂದ 2.18 ಟಿ.ಎಂ.ಸಿ. ಅಡಿ ನೀರನ್ನು ಮಲಪ್ರಭೆಗೆ ಹಂಚಿಕೆ ಮಾಡಿತು. ಕೇಂದ್ರ ಸರ್ಕಾರದ ಅಧಿಸೂಚನೆಯು 2020ರ ಫೆಬ್ರವರಿ 27ರಂದು ಹೊರಬಿದ್ದಿತು.